ಆಪರೇಷನ್ ಆದಮೇಲೆ ಕೂಸನ್ನು ಎತ್ತಿಕೊಳ್ಳುವುದು ಯಾವಾಗ?

ಪ್ರಶ್ನೆ: ನನಗೆ 31 ವರ್ಷ. ಗದಗ ಜಿಲ್ಲೆಯ ರೋಣ ತಾಲೂಕಿನವಳು. ಬಲ ಎದೆಯಲ್ಲಿ ಗಂಟಿತ್ತು, ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಅಂತ ಬಂತು. ಇನ್ನು ಹದಿನೈದು ದಿನಕ್ಕೆ ಹುಬ್ಬಳ್ಳಿಯಲ್ಲಿ ಆಪರೇಷನ್. ಎದೆ ಪೂರ್ತಿ ತೆಗೆದು ಕಂಕುಳದ ಗಂಟುಗಳನ್ನೂ ತೆಗೆಯುತ್ತಾರಂತೆ. ಆಮೇಲೆ ಕೀಮೋ ಕೊಡುವುದಾಗಿ ಹೇಳಿದ್ದಾರೆ. ಆರು ವಾರ ಭಾರ ಎತ್ತಬಾರದಂತೆ. ನನ್ನ ಮಗನಿಗೆ ಒಂದು ವರ್ಷ ಎಂಟು ತಿಂಗಳು, 11 ಕೆಜಿ ಇದ್ದಾನೆ. ದಿನಕ್ಕೆ ಐವತ್ತು ಸಲ "ಎತ್ತಿಕೋ" ಅಂತಾನೆ. ರಾತ್ರಿ ಹಾಲು ಕುಡಿಯದೆ ಮಲಗುವುದಿಲ್ಲ. ಅತ್ತೆಯವರಿಗೆ ಮೊಣಕಾಲು ನೋವು, ಯಜಮಾನರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಅವನನ್ನು ಎರಡು ತಿಂಗಳು ತವರಿಗೆ ಕಳಿಸು ಎಂದು ಎಲ್ಲರೂ ಹೇಳುತ್ತಿದ್ದಾರೆ. ಹಾಲಿನಿಂದ, ಪಕ್ಕದಲ್ಲಿ ಮಲಗಿಸಿಕೊಳ್ಳುವುದರಿಂದ ಅವನಿಗೂ ರೋಗ ಬರುತ್ತದೆ ಅಂತ ಓಣಿಯಲ್ಲಿ ಒಬ್ಬರು ಹೆದರಿಸಿದರು. ಏನು ಮಾಡಲಿ, ಮೇಡಂ?

ಉತ್ತರ: ಓಣಿಯವರ ಮಾತನ್ನು ಮೊದಲು ಮುಗಿಸಿಬಿಡೋಣ. ಕ್ಯಾನ್ಸರ್ ಅಂಟುರೋಗ ಅಲ್ಲ. ಹಾಲು ಕುಡಿದರೆ, ಮುದ್ದು ಕೊಟ್ಟರೆ, ಒಂದೇ ಕೌದಿಯಲ್ಲಿ ಮಲಗಿದರೆ ಬರುವುದಿಲ್ಲ. ನಿಮ್ಮ ಮಗ ಇಲ್ಲಿಯವರೆಗೆ ಕುಡಿದ ಹಾಲಿನಿಂದಲೂ ಅವನಿಗೆ ಏನೂ ಆಗಿಲ್ಲ. ಇದನ್ನು ಮನೆಯವರೆಲ್ಲರ ಮುಂದೆ ಒಂದು ಸಲ ಓದಿ ಹೇಳಿ.

ನಾನು ಸರ್ಜನ್ ಅಲ್ಲ, ಫಿಸಿಯೋಥೆರಪಿಸ್ಟ್. ಎದೆ ಆಪರೇಷನ್ ಆದ ಹೆಂಗಸರ ಭುಜ, ಕೈ ಮೊದಲಿನಂತೆ ಆಡುವ ಹಾಗೆ ಮಾಡುವುದು ನನ್ನ ಕೆಲಸ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಹಾವೇರಿ ಕಡೆಯ ಒಬ್ಬ ತಾಯಿಗೆ "ಆರು ವಾರ ಮಗುವನ್ನು ಹತ್ತಿರ ಬಿಟ್ಟುಕೊಳ್ಳಬೇಡಿ" ಎಂದಿದ್ದೆ. ಆಕೆ ಹಾಗೇ ಮಾಡಿದರು. ಮಗಳನ್ನು ತವರಿಗೆ ಕಳಿಸಿ, ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಕೂತರು. ಆರು ವಾರದ ಮೇಲೆ ಬಂದಾಗ ಕೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಮಗಳು ಅಜ್ಜಿಯ ಸೆರಗು ಬಿಟ್ಟು ಬರಲಿಲ್ಲ. ಆ ಭುಜ ಬಿಡಿಸಲು ನಾಲ್ಕು ತಿಂಗಳು ಬೇಕಾಯಿತು. ತಪ್ಪು ನನ್ನದೇ. ಅವತ್ತಿನಿಂದ ನಾನು ಮಾತು ಬದಲಿಸಿದ್ದೇನೆ: ಆರು ವಾರ ನೀವು ಮಗುವನ್ನು ಎತ್ತಬೇಡಿ, ಮಗುವೇ ನಿಮ್ಮ ಹತ್ತಿರ ಹತ್ತಿ ಬರಲಿ.

ಎತ್ತಬಾರದು ಅಂತ ಯಾಕೆ ಹೇಳುತ್ತಾರೆ ಅಂತ ಗೊತ್ತಾದರೆ ಪಾಲಿಸುವುದು ಸುಲಭ. ಎದೆ ತೆಗೆದಮೇಲೆ ಮೇಲಿನ ಚರ್ಮ ಕೆಳಗಿನ ಸ್ನಾಯುವಿಗೆ ಅಂಟಿಕೊಳ್ಳಬೇಕು. ಪುಸ್ತಕಕ್ಕೆ ಗೋಂದು ಹಚ್ಚಿ ರಟ್ಟು ಹಾಕುತ್ತೇವಲ್ಲ, ಹಾಗೆ. ಒಣಗುವ ಮುಂಚೆ ಜಗ್ಗಿದರೆ ರಟ್ಟು ಉಬ್ಬುತ್ತದೆ. ಇಲ್ಲಿ ಆ ಉಬ್ಬಿನಲ್ಲಿ ನೀರು ತುಂಬುತ್ತದೆ. ಆ ನೀರು ಹೊರಗೆ ಬರಲಿ ಎಂದೇ ಪೈಪು ಇಟ್ಟು ಕೊನೆಗೆ ಒಂದು ಡಬ್ಬಿ ಜೋಡಿಸಿರುತ್ತಾರೆ, ಅದೇ ಡ್ರೇನ್. ಭಾರ ಎತ್ತಿದಷ್ಟೂ ನೀರು ಜಾಸ್ತಿ, ಪೈಪು ಇರುವ ದಿನವೂ ಜಾಸ್ತಿ. 11 ಕೆಜಿ ಅಂದರೆ ಹತ್ತು ಲೀಟರ್ ನೀರು ತುಂಬಿದ ಬಕೆಟ್ಟಿನ ಭಾರ. ಬಕೆಟ್ಟಾದರೂ ಸುಮ್ನೆ ಇರುತ್ತದೆ, ನಿಮ್ಮ ಮಗ ಒದೆಯುತ್ತಾನೆ. "ಎಡಗೈಲಿ ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳಲಾ?" ಅಂತ ಎಲ್ಲರೂ ಕೇಳುತ್ತಾರೆ. ಮೊದಲ ವಾರಗಳಲ್ಲಿ ಅದೂ ಬೇಡ. ಎಡಗೈಯಿಂದ ಎತ್ತಿದರೂ ಎದೆಯ ಸ್ನಾಯು ಎರಡೂ ಕಡೆ ಬಿಗಿಯುತ್ತದೆ, ಮೈ ತಿರುಚುತ್ತದೆ, ಅವನು ಜಾರಿದರೆ ಬಲಗೈ ತಾನಾಗಿಯೇ ಮುಂದೆ ಹೋಗುತ್ತದೆ.

ನಿಮಗೆ ಇನ್ನೂ ಹದಿನೈದು ದಿನ ಇದೆ. ಆಪರೇಷನ್ ಆದಮೇಲೆ ಕಲಿಸುವುದು ಕಷ್ಟ, ಈಗಲೇ ಶುರು ಮಾಡಿ. ಮಂಚದ ಪಕ್ಕದಲ್ಲಿ ಒಂದು ಮಣೆ ಇಡಿ, ಅಲುಗಾಡದಂಥದ್ದು. ನೀವು ಮಂಚದ ಮೇಲೆ ಗೋಡೆಗೆ ಒರಗಿ ಕೂತುಕೊಳ್ಳಿ. ಬಲ ಎದೆಯ ಮೇಲೆ ಒಂದು ಸಣ್ಣ ಕೌದಿ ಮಡಿಚಿ ಇಟ್ಟುಕೊಳ್ಳಿ. ಅವನು "ಎತ್ತಿಕೋ" ಅಂದಾಗ ಎಡಗಡೆ ತಟ್ಟಿ "ಹತ್ತಿ ಬಾ" ಅನ್ನಿ. ಮೊದಮೊದಲು ಅವರಪ್ಪ ಹಿಂದಿನಿಂದ ಕೈ ಕೊಡಲಿ. ಮಣೆ ಹತ್ತಿ, ಮಂಚ ಹತ್ತಿ, ನಿಮ್ಮ ಎಡ ತೊಡೆಯ ಮೇಲೆ ಬಂದು ಕೂತ ಕೂಡಲೇ ಎಡಗೈಯಿಂದ ಬಿಗಿಯಾಗಿ ಅಪ್ಪಿಕೊಳ್ಳಿ. ಈ ವಯಸ್ಸಿನ ಮಕ್ಕಳಿಗೆ ಹತ್ತುವುದೇ ಒಂದು ಆಟ. ಐದಾರು ದಿನದಲ್ಲಿ ರೂಢಿಯಾಗುತ್ತದೆ. ಎತ್ತಿಕೋ ಅಂತ ಕೇಳುವಾಗ ಅವನಿಗೆ ಬೇಕಾದದ್ದು ನಿಮ್ಮ ಮೈಯ ಬಿಸಿ. ಅದು ಮಂಚದ ಮೇಲೂ ಸಿಗುತ್ತದೆ.

ನೆಲದ ಮೇಲೆ ಚಾಪೆ ಹಾಸಿ ಕೂರುವುದನ್ನು ಎರಡು ವಾರ ಬಿಡಿ. ಏಳುವಾಗ ನೆಲಕ್ಕೆ ಬಲಗೈ ಊರಿ ಏಳುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಆ ಒಂದು ಊರಿಕೆಯಲ್ಲೇ ಹೊಲಿಗೆ ಜಗ್ಗುತ್ತದೆ.

ಅವನಿಗೆ ಹೇಳುವ ಮಾತು ಚಿಕ್ಕದಿರಲಿ, ಮನೆಯವರೆಲ್ಲ ಅದನ್ನೇ ಹೇಳಲಿ. "ಅವ್ವಗ ಇಲ್ಲಿ ನೋವಾಗೇತಿ. ಈ ಕಡೆ ಬಾ." ಇಷ್ಟು ಸಾಕು. "ಅವ್ವನ್ನ ಮುಟ್ಟಿದರ ಡಾಕ್ಟರ್ ಸೂಜಿ ಚುಚ್ಚತಾರ" ಅಂತ ಯಾರೂ ಹೆದರಿಸಬಾರದು. ಹಾಗೆ ಹೆದರಿದ ಮಗು ಆಮೇಲೆ ನೀವೇ ಕರೆದರೂ ದೂರ ನಿಲ್ಲುತ್ತದೆ.

ಇನ್ನು ಹಾಲು. ಆಪರೇಷನ್ ಆದಮೇಲೆ ಕೀಮೋ ಇದೆ ಅಂತ ಬರೆದಿದ್ದೀರಿ. ಕೀಮೋ ನಡೆಯುವಾಗ ಹಾಲು ಕುಡಿಸುವಂತಿಲ್ಲ, ಔಷಧಿ ಹಾಲಿಗೆ ಇಳಿಯುತ್ತದೆ. ಹಾಗಾಗಿ ಬಿಡಿಸುವುದು ಹೇಗೂ ಇದೆ. ಹಾಲು ತುಂಬಿದ ಎದೆಯಲ್ಲಿ ಆಪರೇಷನ್ ಮಾಡುವುದು ಸರ್ಜನ್‌ಗೂ ಕಷ್ಟ. ಈಗಲೇ ನಿಧಾನವಾಗಿ ಶುರು ಮಾಡಿದರೆ ಒಳ್ಳೆಯದು. ಮೊದಲು ಹಗಲಿನ ಹಾಲು ಬಿಡಿಸಿ, ಮೂರು ನಾಲ್ಕು ದಿನಕ್ಕೆ ಒಂದು ಹೊತ್ತಿನಂತೆ. ರಾತ್ರಿ ಮಲಗುವಾಗಿನದು ಕೊನೆಗೆ. ಆ ಹೊತ್ತಿಗೆ ಅವರಪ್ಪನೇ ಮಲಗಿಸಲಿ, ನೀವು ಬೇರೆ ಕೋಣೆಯಲ್ಲಿರಿ. ಎರಡು ಮೂರು ರಾತ್ರಿ ಅಳುತ್ತಾನೆ. ಮನೆಯವರೆಲ್ಲ ಕೆಂಪು ಕಣ್ಣು ಮಾಡಿಕೊಂಡು ಏಳುತ್ತೀರಿ, ಅಲ್ವಾ? ಆದರೂ ಆಸ್ಪತ್ರೆಯಲ್ಲಿ ನೀವಿಲ್ಲದ ರಾತ್ರಿ ಒಮ್ಮೆಲೇ ಬಿಡಿಸುವುದಕ್ಕಿಂತ ಇದೇ ವಾಸಿ. ಅಷ್ಟರೊಳಗೆ ಪೂರ್ತಿ ಬಿಡಿಸಲು ಆಗದಿದ್ದರೆ ಗಾಬರಿ ಬೇಡ. ಕೀಮೋ ಶುರುವಾಗುವವರೆಗೆ ಎಡಗಡೆ ಕುಡಿಸಬಹುದೇ ಎಂದು ನಿಮ್ಮ ಸರ್ಜನ್‌ರನ್ನು ಕೇಳಿ.

ಬೇವಿನ ರಸ, ಮೆಣಸಿನಕಾಯಿ ಹಚ್ಚಿ ಬಿಡಿಸುವ ಪದ್ಧತಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ. ಕತ್ತರಿ ಆಡಿಸಬೇಕಾದ ಚರ್ಮ ಉರಿದು ಕೆಂಪಾಗಬಾರದು. ಎದೆ ಗಟ್ಟಿಯಾಗಿ ನೋವಾದರೆ ಹಾಯೆನಿಸುವಷ್ಟು ಮಾತ್ರ ಹಿಂಡಿ ತೆಗೆಯಿರಿ, ತಣ್ಣೀರಿನ ಬಟ್ಟೆ ಇಡಿ. ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿ. ಹಾಲು ನಿಲ್ಲಿಸುವ ಮಾತ್ರೆಯನ್ನು ಔಷಧಿ ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡಿ. ಜ್ವರ ಬಂದು ಎದೆ ಕೆಂಪಾದರೆ ಆಪರೇಷನ್ ದಿನದವರೆಗೆ ಕಾಯದೆ ಫೋನ್ ಮಾಡಿ.

ಈ ಹದಿನೈದು ದಿನದಲ್ಲೇ ಆಗಬೇಕಾದ ಇನ್ನೊಂದು ಕೆಲಸ ಇದೆ. ಅವನ ತಾಯಿ ಕಾರ್ಡ್ ತೆಗೆದು ನೋಡಿ. 16ರಿಂದ 24 ತಿಂಗಳೊಳಗೆ ಹಾಕಿಸುವ ಡಿಪಿಟಿ ಬೂಸ್ಟರ್, ದಡಾರ-ರುಬೆಲ್ಲಾದ ಎರಡನೇ ಡೋಸ್, ಪೋಲಿಯೊ ಹನಿ ಆಗಿವೆಯಾ? ಆಗಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ ಈಗಲೇ ಹಾಕಿಸಿ. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಜೀವ ಇರುವ ವೈರಸ್ ಇರುತ್ತದೆ, ಕೆಲವು ವಾರ ಮಗುವಿನ ಮಲದಲ್ಲಿ ಹೋಗುತ್ತದೆ. ಕೀಮೋ ಶುರುವಾದಮೇಲೆ ಹನಿ ಹಾಕಿಸುವುದಾದರೆ ಮೊದಲು ನಿಮ್ಮ ಡಾಕ್ಟರಿಗೆ ತಿಳಿಸಿ. ಆಗ ಅವನ ಕಕ್ಕ ತೊಳೆಯುವ ಕೆಲಸ ಬೇರೆಯವರದ್ದಾಗಲಿ.

ತವರಿಗೆ ಕಳಿಸುವ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯ: ಕಳಿಸಬೇಡಿ. ಇಪ್ಪತ್ತು ತಿಂಗಳ ಕೂಸಿಗೆ ಎರಡು ತಿಂಗಳು ಅಂದರೆ ಲೆಕ್ಕಕ್ಕೇ ಸಿಗದಷ್ಟು ದೊಡ್ಡ ಕಾಲ. ಅವನು ನಿಮ್ಮನ್ನು ಮರೆಯುವುದಿಲ್ಲ, ಆದರೆ ಸಿಟ್ಟಾಗುತ್ತಾನೆ. ಅವನನ್ನು ಅಲ್ಲಿಗೆ ಕಳಿಸುವ ಬದಲು ನಿಮ್ಮ ತಾಯಿಯೋ ಅಕ್ಕನೋ ಇಲ್ಲಿಗೆ ಬಂದು ಮೂರು ವಾರ ಇದ್ದರೆ ಅರ್ಧ ಕಷ್ಟ ಕಳೆಯಿತು. ಮೊದಲ ಮೂರು ವಾರವೇ ಬಿಗಿ, ಆಮೇಲಿನದು ಸಾಗುತ್ತದೆ. ಬರುವುದಾದರೆ ಆಪರೇಷನ್ನಿಗೆ ನಾಲ್ಕು ದಿನ ಮುಂಚೆಯೇ ಬರಲಿ. ಊಟ, ಸ್ನಾನ, ಮಲಗಿಸುವುದು ಅವರ ಕೈಗೆ ಬರಲಿ. ಅತ್ತೆಯವರ ಮೊಣಕಾಲಿಗೆ ಕೂತು ಮಾಡುವ ಕೆಲಸ ಕೊಡಿ. ಉಣಿಸುವುದು, ಆಟದ ಸಾಮಾನು ಹಿಡಿದು ಕೂರುವುದು ಅವರಿಂದ ಆಗುತ್ತದೆ, ಓಡಿ ಹಿಡಿಯುವುದು ಆಗುವುದಿಲ್ಲ. ನಿಮ್ಮ ಗ್ರಾಮ ಪಂಚಾಯತಿಯಲ್ಲಿ "ಕೂಸಿನ ಮನೆ" ನಡೆಯುತ್ತಿದ್ದರೆ ಅಲ್ಲೂ ವಿಚಾರಿಸಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ ಶುರುವಾದದ್ದು, ನಿಮ್ಮ ಪರಿಸ್ಥಿತಿ ಹೇಳಿ ಕೇಳುವುದರಲ್ಲಿ ತಪ್ಪಿಲ್ಲ. ದಿನಕ್ಕೆ ಎರಡು ಗಂಟೆ ಅಲ್ಲಿದ್ದರೂ ನಿಮಗೆ ನಿದ್ದೆ ಸಿಗುತ್ತದೆ.

ಮನೆಗೆ ಬಂದಮೇಲೆ ದೊಡ್ಡ ತಲೆನೋವು ಆ ಪೈಪು. ಕೂಸಿನ ಕಣ್ಣಿಗೆ ಬಿದ್ದರೆ ಜಗ್ಗದೆ ಬಿಡುತ್ತದಾ? ಅತ್ತೆಯವರ ಹತ್ತಿರ ಎಲೆ-ಅಡಿಕೆ ಸಂಚಿ ಇರುತ್ತದಲ್ಲ, ದಾರ ಎಳೆದು ಬಿಗಿಯುವಂಥದ್ದು. ಅದೇ ನಮೂನೆಯ ಸಂಚಿ ಒಂದು ಹೊಲಿಸಿ, ಸ್ವಲ್ಪ ದೊಡ್ಡದು. ಡಬ್ಬಿ ಅದರಲ್ಲಿಟ್ಟು ನೈಟಿಯ ಒಳಗೆ ಸೊಂಟಕ್ಕೆ ಕಟ್ಟಿಕೊಳ್ಳಿ. ಡಬ್ಬಿ ಯಾವಾಗಲೂ ಗಾಯಕ್ಕಿಂತ ಕೆಳಗಿರಬೇಕು. ಪೈಪನ್ನು ಒಂದು ಸುತ್ತು ಸಡಿಲ ಬಿಟ್ಟು ಒಳಬಟ್ಟೆಗೆ ಟೇಪಿನಿಂದ ಹಚ್ಚಿ. ಜಗ್ಗಿದರೆ ಮೊದಲು ಟೇಪು ಬಿಡುತ್ತದೆ, ಹೊಲಿಗೆಗೆ ಎಳೆತ ಬೀಳುವುದಿಲ್ಲ. ಮುಂದೆ ಗುಂಡಿ ಇರುವ ನೈಟಿಯನ್ನೇ ಹಾಕಿ. ತಲೆಯ ಮೇಲಿಂದ ಹಾಕುವುದು ಬೇಡ. ಜಂಪರ್ ಹಾಕುವಾಗ ಮೊದಲು ಬಲಗೈ, ಬಿಚ್ಚುವಾಗ ಮೊದಲು ಎಡಗೈ.

ಅವನು ಮಲಗಿದಾಗಲೇ ಡಬ್ಬಿ ಖಾಲಿ ಮಾಡಿ. ಎಷ್ಟು ಎಂಎಲ್ ಬಂತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲೇ ಬರೆದಿಡಿ. ದಿನಕ್ಕೆ 30 ಎಂಎಲ್‌ಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ಪೈಪು ತೆಗೆಯುತ್ತಾರೆ. ಕಂಕುಳದ ಗಂಟುಗಳನ್ನೂ ತೆಗೆದವರಿಗೆ ಒಂದರಿಂದ ಎರಡು ವಾರ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಅಕಸ್ಮಾತ್ ಮಗ ಜಗ್ಗಿ ಪೈಪು ಹೊರಗೆ ಬಂದರೆ ಮತ್ತೆ ಒಳಗೆ ತುರುಕಬೇಡಿ. ಶುದ್ಧ ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಫೋನ್ ಮಾಡಿ. ಡಬ್ಬಿ ಒಮ್ಮೆಲೇ ಕೆಂಪು ರಕ್ತದಿಂದ ತುಂಬಿದರೆ, ಗಾಯದ ಸುತ್ತ ಬಿಸಿಯಾಗಿ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ಅವತ್ತೇ ಹೋಗಿ. ಏದುಸಿರು ಬಂದರೂ, ಒಂದು ಕಾಲಿನ ಮೀನಖಂಡ ಬಾತು ನೋವಾದರೂ ತಕ್ಷಣ ಹೊರಡಿ.

ರಾತ್ರಿ ನಿಮ್ಮ ಮಗ ಗಡಿಯಾರದ ಮುಳ್ಳಿನಂತೆ ಸುತ್ತುತ್ತಾನೆ ಅಂದುಕೊಂಡಿದ್ದೇನೆ, ಈ ವಯಸ್ಸಿನವರೆಲ್ಲ ಹಾಗೇ. ಎರಡು ವಾರ ನೀವು ಮಂಚದ ಮೇಲೆ ಮಲಗಿ, ಅವನು ಅವರಪ್ಪನ ಜೊತೆ ಕೆಳಗೆ ಹಾಸಿಗೆಯಲ್ಲಿ ಮಲಗಲಿ. ಎದ್ದರೆ ನಿಮ್ಮ ಮುಖ ಕಾಣಬೇಕು, ದನಿ ಕೇಳಬೇಕು. ನೋವಿನ ಮಾತ್ರೆ ತಪ್ಪಿಸಬೇಡಿ. "ಮಾತ್ರೆ ತಗೊಂಡರೆ ಮಂಪರು, ಕೂಸಿಗೆ ಯಾರು ಏಳುವುದು" ಅಂತ ತುಂಬಾ ತಾಯಂದಿರು ಮಾತ್ರೆ ಬಿಡುತ್ತಾರೆ. ಆಮೇಲೆ ನೋವಿಗೆ ಹೆದರಿ ಕೈ ಆಡಿಸುವುದನ್ನೂ ಬಿಡುತ್ತಾರೆ.

ಕೈ ಆಡಿಸಲೇಬೇಕು. ಸರ್ಜನ್ ಬೇಡ ಅನ್ನದಿದ್ದರೆ ಮಾರನೇ ದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಿಚಿ ಚಾಚುವುದು, ಭುಜ ಹಿಂದಕ್ಕೆ ಹೊರಳಿಸುವುದು ಶುರು. ಪೈಪು ಇರುವವರೆಗೆ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಒಯ್ಯಬೇಡಿ. ತೆಗೆದಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸಿ. ಎಲ್ಲಿವರೆಗೆ ಹೋಯಿತೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ. ಮಗನನ್ನೂ ಪಕ್ಕ ನಿಲ್ಲಿಸಿ, ಅವನದ್ದೂ ಒಂದು ಗೆರೆ. ನನ್ನ ಹತ್ತಿರ ಬರುತ್ತಿದ್ದ ಧಾರವಾಡದ ಒಬ್ಬಾಕೆಯ ಪಡಸಾಲೆಯ ಗೋಡೆಯಲ್ಲಿ ಇಂಥ ಎರಡು ಸಾಲು ಗೆರೆಗಳಿದ್ದವು. ಮಗಳು ದಿನಾ ಬೆಳಿಗ್ಗೆ ತಾನೇ ಸುಣ್ಣದ ತುಂಡು ತಂದು ಕೊಡುತ್ತಿದ್ದಳಂತೆ. ವ್ಯಾಯಾಮ ಒಂದು ದಿನವೂ ತಪ್ಪಲಿಲ್ಲ, ತಪ್ಪಿಸಲು ಅವಳು ಬಿಟ್ಟರೆ ತಾನೆ!

ಎರಡು ಮೂರು ವಾರದಲ್ಲಿ ಕಂಕುಳಿಂದ ಮೊಣಕೈವರೆಗೆ ಚರ್ಮದ ಕೆಳಗೆ ದಾರದಂತೆ ಒಂದು ಎಳೆ ಬಿಗಿದು ಕಾಣಿಸಬಹುದು. "ತಂತಿ ಜಗ್ಗಿದಂಗ ಆಗತೈತ್ರಿ" ಅನ್ನುತ್ತಾರೆ. ಹೆದರಬೇಡಿ, ಕೈ ಆಡಿಸುವುದನ್ನು ನಿಲ್ಲಿಸಲೂ ಬೇಡಿ. ನಿಧಾನವಾಗಿ ಚಾಚುತ್ತಾ ಹೋದರೆ ಸಡಿಲಾಗುತ್ತದೆ. ಫಿಸಿಯೋಗೆ ತೋರಿಸಿ.

ಬಲ ತೋಳಿನ ಒಳಭಾಗ ಜೋಮು ಹಿಡಿದಂತೆ ಇರುತ್ತದೆ. ಕಂಕುಳಲ್ಲಿ ಹಾದುಹೋಗುವ ಸಣ್ಣ ನರಕ್ಕೆ ಪೆಟ್ಟಾಗಿರುತ್ತದೆ, ಅದಕ್ಕೇ. ಬಿಸಿ ತಾಗಿದರೂ ಅಲ್ಲಿ ಗೊತ್ತಾಗದೆ ಹೋಗಬಹುದು. ಅದಕ್ಕೇ ಮಗನಿಗೆ ಎರೆಯುವ ನೀರು ಎಷ್ಟು ಬಿಸಿ ಇದೆ ಅಂತ ಎಡಗೈಯಿಂದಲೇ ನೋಡಿ. ನೀವು ಸ್ಟೂಲಿನ ಮೇಲೆ ಕೂತು, ಅವನನ್ನು ಬಚ್ಚಲಲ್ಲಿ ನಿಲ್ಲಿಸಿ, ಎಡಗೈಯಲ್ಲಿ ಚೊಂಬು ಹಿಡಿದರೆ ಮೂರನೇ ವಾರಕ್ಕೆ ಸ್ನಾನ ಮಾಡಿಸಬಹುದು. ಬಕೆಟ್ ತುಂಬಿ ಇಡುವುದು ಮಾತ್ರ ಬೇರೆಯವರ ಕೆಲಸ. ಚಡ್ಡಿ ಬದಲಿಸುವುದೂ ಅವನನ್ನು ಮಂಚದ ಮೇಲೆ ನಿಲ್ಲಿಸಿಯೇ.

ರೊಟ್ಟಿ ಬಡಿಯುವುದು ಆರು ವಾರ ಬಂದ್. ಜೋಳದ ಹಿಟ್ಟು ನಾದುವಾಗ ಭುಜದ ಪೂರ್ತಿ ಒತ್ತು ಬೀಳುತ್ತದೆ, ಮೇಲೆ ಹಂಚಿನ ಬಿಸಿ. ನಮ್ಮ ಕಡೆ ಕಟಕ್ ರೊಟ್ಟಿ ಎಲ್ಲಾ ಊರಲ್ಲೂ ಸಿಗುತ್ತದೆ, ಕಟ್ಟು ತಂದಿಡಿ. ಅತ್ತೆಯವರು ಮುಖ ಸಣ್ಣ ಮಾಡಿದರೆ ನನ್ನ ಹೆಸರು ಹೇಳಿ.

ಆಸ್ಪತ್ರೆಗೆ ಓಡಾಡುವಾಗ ಬೈಕು ಬೇಡ. ಮುಂದೆ ಕೂಸು, ಹಿಂದೆ ನೀವು, ನಮ್ಮ ರಸ್ತೆಯ ಗುಂಡಿಗಳು. ಬ್ರೇಕ್ ಹಾಕಿದಾಗ ಯಾವ ಕೈಯಿಂದ ಹಿಡಿಯುತ್ತೀರಿ? ಬಸ್ಸಿನಲ್ಲಿ ಬಲಗಡೆಯ ಸಾಲಿನ ಕಿಟಕಿ ಪಕ್ಕ ಕೂತುಕೊಳ್ಳಿ. ಬಲಗೈ ಕಿಟಕಿ ಕಡೆ ಇದ್ದರೆ ಹೋಗಿ ಬರುವವರ ಚೀಲ, ಮೊಣಕೈ ತಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಆದರೆ ಚಿಗರಿ ಬಸ್ಸೇ ವಾಸಿ. ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಬಾಗಿಲು ಇರುತ್ತದೆ. ಕಂಬಿ ಹಿಡಿದು ಜಗ್ಗಿ ಹತ್ತುವ ಕೆಲಸ ಇಲ್ಲ, ಮಗನೂ ನಡೆದೇ ಒಳಗೆ ಬರುತ್ತಾನೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಅವನು ಅಂಗಳದಲ್ಲಿ ಬಿದ್ದು ಹೊರಳಾಡಿ ಅಳುತ್ತಾನೆ. ಆಗ ಎತ್ತಬೇಡಿ. ಪಕ್ಕದಲ್ಲಿ ಕಟ್ಟೆ ಇದ್ದರೆ ಅದರ ಮೇಲೆ ಕೂತು, ಎಡಗೈ ಚಾಚಿ, ಕಾಯಿರಿ. ಐದು ನಿಮಿಷ ನೋಡುವವರ ಮುಂದೆ ನಾಚಿಕೆ ಆಗುತ್ತದೆ, ಆಗಲಿ. ಇನ್ನೊಂದು ದಿನ ಅವನು ನೀರಿನ ತೊಟ್ಟಿಯ ಕಡೆ ಓಡುತ್ತಾನೆ, ನೀವು ಹಿಂದೆಮುಂದೆ ನೋಡದೆ ಎತ್ತಿಬಿಡುತ್ತೀರಿ. ಅದೂ ಆಗುತ್ತದೆ. ಎಲ್ಲಾ ಹಾಳಾಯಿತು ಅಂತ ಅಳುತ್ತಾ ಕೂರಬೇಡಿ. ಒಂದು ಸಲಕ್ಕೆ ಹೊಲಿಗೆ ಹರಿಯುವುದು ಅಪರೂಪ. ಗಾಯ ನೋಡಿಕೊಳ್ಳಿ, ಡ್ರೇನಿನ ನೀರು ಮರುದಿನ ಜಾಸ್ತಿಯಾಯಿತಾ, ಎದೆಯಲ್ಲಿ ಉಬ್ಬು ಬಂತಾ ಅಂತ ಗಮನಿಸಿ. ಏನಾದರೂ ಕಂಡರೆ ಆಸ್ಪತ್ರೆಗೆ ಫೋನ್.

ಕೀಮೋ ಕಾಲಕ್ಕೂ ಅಪ್ಪುಗೆಗೆ ಅಡ್ಡಿ ಇಲ್ಲ. ಕೀಮೋ ಕೊಟ್ಟ ಎರಡು ದಿನ ನಿಮ್ಮ ವಾಂತಿ, ಮೂತ್ರ ಅವನಿಗೆ ತಾಗದಂತೆ ನೋಡಿಕೊಳ್ಳಿ, ಕೈ ಸೋಪಿನಿಂದ ತೊಳೆಯಿರಿ. ಅವನಿಗೆ ನೆಗಡಿ ಇದ್ದರೆ ನೀವು ಮಾಸ್ಕ್ ಹಾಕಿ. ನಿಮಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಕಂಕುಳದ ಗಂಟುಗಳನ್ನು ಪೂರ್ತಿ ತೆಗೆದವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಮುಂದೆ ಆ ಕೈಯಲ್ಲಿ ಬಾವು ಬರುತ್ತದೆ. ಮೊದಲು ಹೇಳುವುದು ಬಳೆಗಳೇ. ಸಲೀಸಾಗಿ ಆಡುತ್ತಿದ್ದ ಬಳೆ ಬಿಗಿಯಾದರೆ ಬಂದು ತೋರಿಸಿ. ಮಗ ಪರಚಿದರೆ, ಕಚ್ಚಿದರೆ ಸೋಪಿನಿಂದ ತೊಳೆದು ಮುಲಾಮು ಹಚ್ಚಿ. ಕೆಂಪೇರಿ ಬಿಸಿಯಾದರೆ ಅದೇ ದಿನ ಡಾಕ್ಟರ್. ರಕ್ತ ತೆಗೆಯಲು, ಬಿಪಿ ನೋಡಲು ಎಡಗೈ ಕೊಡಿ. ಆದರೆ "ಜೀವನಪೂರ್ತಿ ಆ ಕೈಯಲ್ಲಿ ಏನೂ ಎತ್ತಬೇಡ" ಅನ್ನುವುದು ಹಳೆಯ ಮಾತು. ಸ್ವಲ್ಪ ಸ್ವಲ್ಪವೇ ಭಾರ ಏರಿಸುತ್ತಾ ಹೋದರೆ ಬಾವು ಹೆಚ್ಚುವುದಿಲ್ಲ ಅಂತ ಸಂಶೋಧನೆಗಳು ತೋರಿಸಿವೆ.

ಅದಕ್ಕೇ ಆರು ವಾರ ಆಗಿ, ಸರ್ಜನ್ ನೋಡಿ ಸರಿ ಅಂದಮೇಲೂ ಒಮ್ಮೆಲೇ ಮಗನನ್ನು ಎತ್ತಬೇಡಿ. ಮೊದಲ ಮೂರು ದಿನ ಎರಡು ಕೆಜಿ ಜೋಳದ ಚೀಲವನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಎತ್ತಿ ಇಳಿಸಿ. ಆಮೇಲೆ ನಾಲ್ಕು, ಆಮೇಲೆ ಆರು, ಎಂಟು. ಕೈ ಭಾರವಾಗದೆ, ಮರುದಿನ ಬಾವು ಬರದೆ ಇದ್ದರೆ ಮುಂದಿನ ಹೆಜ್ಜೆ. ಕೊನೆಗೆ ಅವನನ್ನು ಮಂಚದ ಮೇಲೆ ನಿಲ್ಲಿಸಿ. ನೆಲದಿಂದ ಬೇಡ. ನೀವು ಹತ್ತಿರ ಹೋಗಿ ನಿಲ್ಲಿ, ಮೊಣಕಾಲು ತುಸು ಬಾಗಿಸಿ, ಅವನು ನಿಮ್ಮ ಕೊರಳಿಗೆ ಕೈ ಹಾಕಲಿ. ಎಡ ಸೊಂಟದ ಕಡೆ ಅವನನ್ನು ಒತ್ತಿಕೊಂಡು ಕಾಲಿನ ಬಲದಿಂದ ಎದ್ದು ನಿಲ್ಲಿ. ಮೊದಲ ದಿನ ಹತ್ತು ಎಣಿಸುವವರೆಗೆ ಸಾಕು. ಅವನು "ಇನ್ನೊಮ್ಮೆ" ಅಂತಾನೆ, ನಾಳೆ ಅನ್ನಿ.